ತುರ್ತು ಪರಿಸ್ಥಿತಿ ಮತ್ತೆ ಬರಬಹುದೇ? 44ನೇ ತಿದ್ದುಪಡಿ ಕೊಟ್ಟದ್ದು, ಇನ್ನೂ ಕೈಗೆ ಬಾರದೆ ಉಳಿದದ್ದು

ಪ್ರಶ್ನೆ: ಸಂವಿಧಾನ ತಿದ್ದುಪಡಿ ಎಂದರೆ ಸರ್ಕಾರಗಳು ತಮ್ಮ ಅನುಕೂಲಕ್ಕೆ ಮಾಡಿಕೊಳ್ಳುವುದು ಎಂಬ ಮಾತನ್ನೇ ಕೇಳುತ್ತಾ ಬಂದಿದ್ದೇವೆ. ಜನರ ಹಕ್ಕು ಉಳಿಸಲು, ಸರ್ಕಾರದ ಕೈ ಕಟ್ಟಲು ಆದ ತಿದ್ದುಪಡಿಯೂ ಇದೆಯೇ? 1975ರ ಹಾಗೆ ಈಗಲೂ ರಾತ್ರೋರಾತ್ರಿ ತುರ್ತು ಪರಿಸ್ಥಿತಿ ಹೇರಬಹುದೇ? ಇನ್ನೊಂದು ವಿಷಯ: ನಮ್ಮ ಬೀದಿಯ ಹುಡುಗನೊಬ್ಬನನ್ನು ಜಿಲ್ಲಾಧಿಕಾರಿಯ ಆದೇಶದ ಮೇಲೆ ಗೂಂಡಾ ಕಾಯ್ದೆಯಡಿ ಜೈಲಿಗೆ ಹಾಕಿದ್ದಾರೆ. ಜಾಮೀನು ಇಲ್ಲ, ವಿಚಾರಣೆಯೂ ಇಲ್ಲ ಎನ್ನುತ್ತಾರೆ. ಅವನಿಗೆ ಸಂವಿಧಾನದ ರಕ್ಷಣೆ ಏನಾದರೂ ಇದೆಯೇ?

ಉತ್ತರ: ಅಂಥ ತಿದ್ದುಪಡಿ ಇದೆ. ಅದು 1978ರ ಸಂವಿಧಾನ (44ನೇ ತಿದ್ದುಪಡಿ) ಕಾಯ್ದೆ. ನಿಮ್ಮ ಎರಡನೆಯ ಪ್ರಶ್ನೆಗೂ ಉತ್ತರ ಅದರಲ್ಲೇ ಸಿಗುತ್ತದೆ. ಮೂರನೆಯ ಪ್ರಶ್ನೆಗೂ ಅದರಲ್ಲೇ ಉತ್ತರ ಇರಬೇಕಿತ್ತು. ಸಂಸತ್ತು ಒಪ್ಪಿದೆ, ರಾಷ್ಟ್ರಪತಿ ಅಂಕಿತ ಹಾಕಿದ್ದಾರೆ, ಆದರೂ ಆ ಹುಡುಗನಿಗೆ ಬೇಕಾದ ಭಾಗ ಮಾತ್ರ ಇಂದಿಗೂ ಜಾರಿಗೆ ಬಂದಿಲ್ಲ.

1975ರ ಜೂನ್ 25ರ ರಾತ್ರಿಯಿಂದ ಶುರು ಮಾಡೋಣ. ತಿದ್ದುಪಡಿಯ ಅನೇಕ ಸಾಲುಗಳು ಆ ರಾತ್ರಿ ಮತ್ತು ಆಮೇಲೆ ನಡೆದ ಸಂಗತಿಗಳಿಗೆ ಕೊಟ್ಟ ಉತ್ತರ. ಅಂದು ಪ್ರಧಾನಿ ಇಂದಿರಾ ಗಾಂಧಿ ಅವರು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರಿಗೆ ಪತ್ರ ಬರೆದರು. ಸಚಿವ ಸಂಪುಟದ ಸಭೆ ಕರೆಯಲು ಸಮಯವಿಲ್ಲ, ಆದ್ದರಿಂದ ಸರ್ಕಾರದ ಕಾರ್ಯಕಲಾಪ ನಿಯಮಗಳ 12ನೇ ನಿಯಮದಂತೆ ಸಂಪುಟವನ್ನು ಬಿಟ್ಟೇ ಶಿಫಾರಸು ಮಾಡುತ್ತಿದ್ದೇನೆ ಎಂಬುದು ಅದರ ಸಾರ. ರಾಷ್ಟ್ರಪತಿ ಅದೇ ರಾತ್ರಿ ಸಹಿ ಹಾಕಿದರು. ಮಂತ್ರಿಗಳಿಗೆ ವಿಷಯ ಗೊತ್ತಾದದ್ದು ಮರುದಿನ ಬೆಳಗ್ಗೆ 6 ಗಂಟೆಯ ಸಭೆಯಲ್ಲಿ. ಘೋಷಣೆಗೆ ಕೊಟ್ಟ ಕಾರಣ 'ಆಂತರಿಕ ಕ್ಷೋಭೆ'. ಮುಷ್ಕರವನ್ನೂ ಮೆರವಣಿಗೆಯನ್ನೂ ಅದರೊಳಗೆ ತುರುಕಬಹುದಿತ್ತು. 1971ರ ಯುದ್ಧಕಾಲದಲ್ಲಿ ಘೋಷಿಸಿದ್ದ ತುರ್ತು ಪರಿಸ್ಥಿತಿ ಆಗಲೂ ಚಾಲ್ತಿಯಲ್ಲಿತ್ತು. ಅದರ ಮೇಲೆ ಇದು ಎರಡನೆಯದು.

ಇಂದು ತುರ್ತು ಪರಿಸ್ಥಿತಿ ಘೋಷಣೆಯ 352ನೇ ವಿಧಿಯನ್ನು ತೆರೆದು ನೋಡಿದರೆ ಆ ರಾತ್ರಿಯ ಕೆಲಸ ಅದೇ ರೀತಿಯಲ್ಲಿ ಸಾಧ್ಯವಿಲ್ಲ ಎಂಬುದು ಕಾಣುತ್ತದೆ. ಸಂಪುಟದ ತೀರ್ಮಾನ ಲಿಖಿತವಾಗಿ ಬರುವ ತನಕ ರಾಷ್ಟ್ರಪತಿ ಘೋಷಣೆ ಹೊರಡಿಸುವಂತಿಲ್ಲ. ಪ್ರಧಾನಿಯೊಬ್ಬರ ಪತ್ರ ಸಾಲದು. 'ಆಂತರಿಕ ಕ್ಷೋಭೆ' ಹೋಗಿ ಆ ಜಾಗಕ್ಕೆ 'ಸಶಸ್ತ್ರ ದಂಗೆ' ಬಂದಿದೆ. ಮೊದಲು ಸಂಸತ್ತಿನ ಒಪ್ಪಿಗೆ ಪಡೆಯಲು 2 ತಿಂಗಳು ಸಮಯವಿತ್ತು, ಸಾಮಾನ್ಯ ಬಹುಮತ ಸಾಕಿತ್ತು. ಈಗ ಒಂದೇ ತಿಂಗಳು, ಅದೂ ವಿಶೇಷ ಬಹುಮತ. ಅಂದರೆ ಎರಡೂ ಸದನಗಳಲ್ಲಿ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು ಮತ ಬೇಕು, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗವೂ ಬೇಕು. 543 ಸದಸ್ಯರ ಲೋಕಸಭೆಯಲ್ಲಿ ಎಲ್ಲರೂ ಮತ ಹಾಕಿದರೆ 362, 245ರ ರಾಜ್ಯಸಭೆಯಲ್ಲಿ 164. ಎಷ್ಟೇ ಮಂದಿ ಗೈರುಹಾಜರಾದರೂ 272 ಮತ್ತು 123ಕ್ಕಿಂತ ಕಡಿಮೆಗೆ ಇಳಿಯುವಂತಿಲ್ಲ. ಒಪ್ಪಿಗೆ ಸಿಕ್ಕರೂ ಆಯುಷ್ಯ 6 ತಿಂಗಳು ಮಾತ್ರ. ಮುಂದುವರಿಸಬೇಕಾದರೆ ಪ್ರತಿ ಸಲವೂ ಅದೇ ಬಹುಮತ ಬೇಕು.

ಇಳಿಸುವ ದಾರಿಯನ್ನು ಮಾತ್ರ ಬೇಕೆಂದೇ ಸುಲಭವಾಗಿಟ್ಟಿದ್ದಾರೆ. ಲೋಕಸಭೆಯ ಹತ್ತನೇ ಒಂದು ಭಾಗದಷ್ಟು ಸದಸ್ಯರು, ಈಗಿನ ಲೆಕ್ಕದಲ್ಲಿ 55 ಮಂದಿ, ಸಹಿ ಹಾಕಿ ಸ್ಪೀಕರ್‌ಗೆ ನೋಟಿಸ್ ಕೊಟ್ಟರೆ 14 ದಿನಗಳೊಳಗೆ ವಿಶೇಷ ಬೈಠಕ್ ಕರೆಯಲೇಬೇಕು. ಸದನ ನಡೆಯುತ್ತಿಲ್ಲದಿದ್ದರೆ ನೋಟಿಸ್ ರಾಷ್ಟ್ರಪತಿಗೆ ಹೋಗುತ್ತದೆ. ಅಲ್ಲಿ ಸಾಮಾನ್ಯ ಬಹುಮತದಿಂದ ಬೇಡವೆಂದರೆ ತುರ್ತು ಪರಿಸ್ಥಿತಿ ಮುಗಿಯಿತು. ಹೇರಲು ಕಷ್ಟ, ತೆಗೆಯಲು ಸುಲಭ ಎಂಬ ಈ ಜೋಡಣೆ ಇಡೀ ತಿದ್ದುಪಡಿಯ ಅತ್ಯಂತ ಜಾಣತನದ ಕೆಲಸ ಎಂಬುದು ನನ್ನ ಅಭಿಪ್ರಾಯ.

ಆದರೆ ಇದಕ್ಕೆ ಆಮೇಲೆ ಪೆಟ್ಟು ಬಿದ್ದಿದೆ. 1985ರ 52ನೇ ತಿದ್ದುಪಡಿ ಪಕ್ಷಾಂತರ ನಿಷೇಧಕ್ಕಾಗಿ 10ನೇ ಅನುಸೂಚಿಯನ್ನು ತಂದಿತು. ಪಕ್ಷ ವಿಪ್ (ಹೀಗೇ ಮತ ಹಾಕಬೇಕೆಂಬ ಆದೇಶ) ಕೊಟ್ಟಿದ್ದರೆ ಅದರ ವಿರುದ್ಧ ಮತ ಹಾಕಿದ ಸದಸ್ಯನ ಸ್ಥಾನಕ್ಕೆ ಕುತ್ತು. ತುರ್ತು ಪರಿಸ್ಥಿತಿಯ ಮತದಾನಕ್ಕೆ ಇದರಿಂದ ವಿನಾಯಿತಿ ಇಲ್ಲ. 1978ರಲ್ಲಿ ವಿಶೇಷ ಬಹುಮತ ಬರೆದವರು ಪ್ರತಿ ಸದಸ್ಯನ ಆತ್ಮಸಾಕ್ಷಿಯನ್ನು ನಂಬಿದ್ದರು. 1985ರ ನಂತರ ಆ ಆತ್ಮಸಾಕ್ಷಿಯ ಮೇಲೆ ವಿಪ್ ಕೂತಿದೆ. ಈಗ ನಿಜವಾದ ಅಡ್ಡಿ ಏನಿದ್ದರೂ ಎರಡೂ ಸದನಗಳಲ್ಲಿ ಒಂದೇ ಪಕ್ಷಕ್ಕೆ ಮೂರನೇ ಎರಡು ಬಲ ಸಿಗುವುದು ಅಪರೂಪ ಎಂಬುದಷ್ಟೇ. ಹಾಗಾಗಿ 'ಮತ್ತೆ ಸಾಧ್ಯವೇ' ಎಂಬುದಕ್ಕೆ ನೇರ ಉತ್ತರ: ಕಾನೂನಿನ ಪ್ರಕಾರ ಸಾಧ್ಯ, ರಾತ್ರೋರಾತ್ರಿ ಒಬ್ಬರ ಸಹಿಯ ಬಲದ ಮೇಲೆ ಸಾಧ್ಯವಿಲ್ಲ.

ಘೋಷಣೆಯಾದರೂ ಹಕ್ಕುಗಳು ಎಷ್ಟು ಉಳಿಯುತ್ತವೆ ಎಂಬುದು ಇದಕ್ಕಿಂತ ದೊಡ್ಡ ಮಾತು. 1975ರ ಜೂನ್ 27ರಂದು 359ನೇ ವಿಧಿಯಡಿ ರಾಷ್ಟ್ರಪತಿ ಆದೇಶ ಬಂತು. 14 (ಸಮಾನತೆ), 21 (ಜೀವ ಮತ್ತು ಸ್ವಾತಂತ್ರ್ಯ) ಮತ್ತು 22ನೇ (ಬಂಧನದ ವಿರುದ್ಧ ರಕ್ಷಣೆ) ವಿಧಿಗಳಿಗಾಗಿ ಯಾರೂ ನ್ಯಾಯಾಲಯಕ್ಕೆ ಹೋಗುವಂತಿಲ್ಲ ಎಂದು ಅದು ಹೇಳಿತು. ವಿಚಾರಣೆಯಿಲ್ಲದೆ ಸೆರೆಯಲ್ಲಿಡಲು ಬಿಡುತ್ತಿದ್ದ ಮೀಸಾ ಕಾಯ್ದೆಯಡಿ ಬಂಧಿತರಾದವರು ಆದರೂ ಹೈಕೋರ್ಟುಗಳಿಗೆ ಹೋದರು. ಬೆಂಗಳೂರಿನಲ್ಲಿ ಸೆರೆಯಾಗಿದ್ದ ವಾಜಪೇಯಿ, ಅಡ್ವಾಣಿ ಮೊದಲಾದವರು ಕರ್ನಾಟಕ ಹೈಕೋರ್ಟಿಗೆ ಅರ್ಜಿ ಹಾಕಿದ್ದರು. ಹಲವು ಹೈಕೋರ್ಟುಗಳು ಇಂಥ ಅರ್ಜಿಗಳನ್ನು ಕೇಳಲು ಒಪ್ಪಿದವು. ಅವೆಲ್ಲದರ ಮೇಲ್ಮನವಿ ಎಡಿಎಂ ಜಬಲ್ಪುರ ಪ್ರಕರಣವೆಂಬ ಹೆಸರಿನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂತು. ಪೊಲೀಸ್ ಅಧಿಕಾರಿಯೊಬ್ಬ ವೈಯಕ್ತಿಕ ದ್ವೇಷದಿಂದ ಯಾರನ್ನಾದರೂ ಕೊಂದರೆ ಪರಿಹಾರವೇನು ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದರು. ತುರ್ತು ಪರಿಸ್ಥಿತಿ ಇರುವ ತನಕ ಪರಿಹಾರವಿಲ್ಲ ಎಂದು ಅಟಾರ್ನಿ ಜನರಲ್ ನಿರೇನ್ ಡೇ ಉತ್ತರಿಸಿದರು. 1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ವಾದವನ್ನೇ ಒಪ್ಪಿದರು. ಖನ್ನಾ ಒಬ್ಬರೇ ಒಪ್ಪಲಿಲ್ಲ.

44ನೇ ತಿದ್ದುಪಡಿ 359ನೇ ವಿಧಿಯಲ್ಲಿ ಸೇರಿಸಿದ ಮಾತು ಚಿಕ್ಕದು: 20 ಮತ್ತು 21ನೇ ವಿಧಿಗಳನ್ನು ಬಿಟ್ಟು. ನಿರೇನ್ ಡೇ ಕೊಟ್ಟಂಥ ಉತ್ತರವನ್ನು ಇನ್ನು ಯಾವ ಸರ್ಕಾರಿ ವಕೀಲರೂ ಕೊಡಲಾಗದಂತೆ ಮಾಡಿದ್ದು ಈ ಮಾತು. 21ನೇ ವಿಧಿ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ್ದು. ಮಾಡಿದಾಗ ಅಪರಾಧವಲ್ಲದ ಕೆಲಸಕ್ಕೆ ಆಮೇಲೆ ಕಾನೂನು ತಂದು ಶಿಕ್ಷಿಸಬಾರದು, ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷೆ ಕೂಡದು, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳೆಂದು ಆರೋಪಿಯನ್ನು ಬಲವಂತ ಮಾಡಬಾರದು ಎಂಬ ಮೂರು ರಕ್ಷಣೆ 20ನೇ ವಿಧಿಯವು. ಯುದ್ಧ ನಡೆಯುತ್ತಿದ್ದರೂ ಇವಕ್ಕಾಗಿ ನ್ಯಾಯಾಲಯದ ಬಾಗಿಲು ತಟ್ಟಬಹುದು. 2017ರ ಆಗಸ್ಟ್ 24ರಂದು ಖಾಸಗಿತನದ ಪ್ರಕರಣದಲ್ಲಿ 9 ನ್ಯಾಯಮೂರ್ತಿಗಳ ಪೀಠ ಎಡಿಎಂ ಜಬಲ್ಪುರ ತೀರ್ಪನ್ನೇ ತಪ್ಪೆಂದು ಸಾರಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಜಬಲ್ಪುರ ತೀರ್ಪನ್ನು ತಳ್ಳಿಹಾಕುವ ಮಾತು ಬರೆದ ಡಿ.ವೈ. ಚಂದ್ರಚೂಡ್ ಅವರ ತಂದೆ ವೈ.ವಿ. ಚಂದ್ರಚೂಡ್ 1976ರ ಬಹುಮತದಲ್ಲಿದ್ದವರು.

19ನೇ ವಿಧಿಯ ಬಗ್ಗೆ ಅನೇಕರು ತಪ್ಪು ತಿಳಿದಿದ್ದಾರೆ. ಮಾತು, ಸಭೆ, ಸಂಘ, ಸಂಚಾರದ ಈ ಸ್ವಾತಂತ್ರ್ಯಗಳು ಮೊದಲು ಯಾವುದೇ ತುರ್ತು ಪರಿಸ್ಥಿತಿಯಲ್ಲೂ ತಾವಾಗಿಯೇ ಅಮಾನತಾಗುತ್ತಿದ್ದವು. ಈಗ ಯುದ್ಧ ಅಥವಾ ಬಾಹ್ಯ ಆಕ್ರಮಣದ ಕಾರಣಕ್ಕೆ ಘೋಷಿಸಿದಾಗ ಮಾತ್ರ ಹಾಗಾಗುತ್ತದೆ, ಸಶಸ್ತ್ರ ದಂಗೆಯಲ್ಲಿ ಇಲ್ಲ. ಇದರಿಂದ ದಂಗೆಯ ಕಾಲದಲ್ಲಿ 19ನೇ ವಿಧಿ ಪೂರಾ ಸುರಕ್ಷಿತ ಎಂದುಕೊಳ್ಳಬೇಡಿ. 359ರಡಿ ರಾಷ್ಟ್ರಪತಿ ಪ್ರತ್ಯೇಕ ಆದೇಶ ಹೊರಡಿಸಿದರೆ ಅದಕ್ಕಾಗಿ ಕೋರ್ಟಿಗೆ ಹೋಗುವ ದಾರಿ ನಿಲ್ಲುತ್ತದೆ. ಅಂಥ ಆದೇಶವನ್ನು ಸಂಸತ್ತಿನ ಮುಂದಿಡಬೇಕು. ಜೊತೆಗೆ, ಹಕ್ಕಿಗೆ ವಿರುದ್ಧವಾದ ಕಾನೂನಿಗೆ ರಕ್ಷಣೆ ಸಿಗಬೇಕಾದರೆ ಅದು ತುರ್ತು ಪರಿಸ್ಥಿತಿಗೆ ಸಂಬಂಧಿಸಿದ್ದೆಂದು ಆ ಕಾನೂನಿನಲ್ಲೇ ಬರೆದಿರಬೇಕು. ಬಾಡಿಗೆ ಕಾಯ್ದೆಯನ್ನೋ ತೆರಿಗೆ ಕಾಯ್ದೆಯನ್ನೋ ಸದ್ದಿಲ್ಲದೆ ಇದರಡಿ ನುಸುಳಿಸಲು ಬರುವುದಿಲ್ಲ.

ರಾಜ್ಯಗಳ ಮೇಲಿನ ಕೇಂದ್ರದ ಅಧಿಕಾರಕ್ಕೂ ಇದೇ ತಿದ್ದುಪಡಿ ಮಿತಿ ಹಾಕಿತು. ರಾಷ್ಟ್ರಪತಿ ಆಳ್ವಿಕೆ ಒಂದು ವರ್ಷ ದಾಟಬೇಕಾದರೆ ದೇಶದಲ್ಲೋ ಆ ರಾಜ್ಯದಲ್ಲೋ ತುರ್ತು ಪರಿಸ್ಥಿತಿ ಇರಬೇಕು, ಚುನಾವಣೆ ನಡೆಸಲಾಗದು ಎಂದು ಚುನಾವಣಾ ಆಯೋಗವೂ ಪ್ರಮಾಣೀಕರಿಸಬೇಕು. ಏನೇ ಆದರೂ 3 ವರ್ಷದ ಗಡಿ. ಇದಕ್ಕಿಂತ ಮುಖ್ಯವಾದದ್ದು, 1975ರ 38ನೇ ತಿದ್ದುಪಡಿ ತುರುಕಿದ್ದ 'ರಾಷ್ಟ್ರಪತಿಗೆ ಮನವರಿಕೆಯಾದದ್ದೇ ಅಂತಿಮ, ಯಾವ ಕೋರ್ಟೂ ಕೇಳುವಂತಿಲ್ಲ' ಎಂಬ ಉಪವಿಧಿಯನ್ನು ಕಿತ್ತುಹಾಕಿದ್ದು. 1989ರ ಏಪ್ರಿಲ್ 21ರಂದು ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು, ಸದನದಲ್ಲಿ ಬಹುಮತ ತೋರಿಸುತ್ತೇನೆಂದರೂ ಅವಕಾಶ ಕೊಡದೆ, ವಜಾ ಮಾಡಲಾಯಿತು. ಆ ಉಪವಿಧಿ ಇನ್ನೂ ಇದ್ದಿದ್ದರೆ ಅವರ ಅರ್ಜಿಯ ಹಾದಿ ಬಹಳ ಕಠಿಣವಾಗುತ್ತಿತ್ತು. 1994ರ ಮಾರ್ಚ್ 11ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬಹುಮತ ತೀರ್ಮಾನವಾಗಬೇಕಾದ್ದು ಸದನದಲ್ಲೇ ಹೊರತು ರಾಜಭವನದಲ್ಲಲ್ಲ ಎಂದಿತು. ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿಯ ಘೋಷಣೆಯನ್ನು ಪರಿಶೀಲಿಸುವ ಅಧಿಕಾರ ತನಗಿದೆ ಎಂದೂ ಸ್ಪಷ್ಟಪಡಿಸಿತು.

ತಿದ್ದುಪಡಿಯ ಇನ್ನೊಂದು ಮುಖವನ್ನೂ ಹೇಳಬೇಕು. ಹಕ್ಕು ಕೊಟ್ಟ ಅದೇ ಕಾಯ್ದೆ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದು 300ಎ ವಿಧಿಯಲ್ಲಿ ಕೂರಿಸಿತು. ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಎಂಬ ರಕ್ಷಣೆ ಉಳಿದಿದೆ. ಆದರೆ ಅಷ್ಟಕ್ಕೇ 32ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಲಾಗದು. 226ನೇ ವಿಧಿಯಡಿ ಹೈಕೋರ್ಟಿಗೇ ಹೋಗಬೇಕು. ಜಮೀನು ಸ್ವಾಧೀನದ ನೋಟಿಸ್ ಹಿಡಿದು ಬರುವ ರೈತರಿಗೆ ಇದು ಮೊದಲು ತಿಳಿದಿರಬೇಕಾದ ವಿಷಯ.

ಇಷ್ಟೆಲ್ಲ ರಕ್ಷಣೆಯನ್ನು ಮುಂದಿನ ಸಂಸತ್ತು ಅಳಿಸಿಹಾಕಿದರೆ? ಒಮ್ಮೆ ಹಾಗೂ ಆಗಿದೆ. 1988ರ 59ನೇ ತಿದ್ದುಪಡಿ ಪಂಜಾಬಿನ ಮಟ್ಟಿಗೆ 'ಆಂತರಿಕ ಕ್ಷೋಭೆ'ಯನ್ನು ಮತ್ತೆ ಒಳಗೆ ಕರೆಯಿತು, 21ನೇ ವಿಧಿಯನ್ನೂ ಅಮಾನತು ಮಾಡಲು ದಾರಿ ಬಿಟ್ಟಿತು. ಅದನ್ನು ಬಳಸಿ ತುರ್ತು ಪರಿಸ್ಥಿತಿ ಘೋಷಿಸಲಿಲ್ಲ. 63ನೇ ತಿದ್ದುಪಡಿ ಅದನ್ನು ರದ್ದು ಮಾಡಿತು. ಆದರೆ 10 ವರ್ಷ ಕಳೆಯುವಷ್ಟರಲ್ಲಿ ಸಂಸತ್ತು ತನ್ನ ಮಾತನ್ನೇ ಹಿಂತೆಗೆದುಕೊಂಡಿತ್ತು ಎಂಬುದನ್ನು ಮರೆಯಬಾರದು. ಅಂಥ ಹೊತ್ತಿನಲ್ಲಿ ಕೊನೆಯ ತಡೆ ಎಂದರೆ ಸಂವಿಧಾನದ ಮೂಲ ರಚನೆಯನ್ನು ತಿದ್ದುಪಡಿಯಿಂದಲೂ ಕೆಡಿಸುವಂತಿಲ್ಲ ಎಂಬ ತತ್ವ. ಅದನ್ನು ತಂದುಕೊಟ್ಟ ಎರಡೂ ಪ್ರಕರಣಗಳು ನಮಗೆ ಹತ್ತಿರದವು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣಾ ಕಾಯ್ದೆಯನ್ನು ಪ್ರಶ್ನಿಸಿದ್ದರು. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ 7-6ರಿಂದ ಆ ತತ್ವವನ್ನು ಸಾರಿತು. ತಿದ್ದುಪಡಿಗಳನ್ನು ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ ಎಂದು 42ನೇ ತಿದ್ದುಪಡಿ 1976ರಲ್ಲಿ ಬರೆದುಕೊಂಡಿತು. ಅದನ್ನು 1980ರಲ್ಲಿ ಹೊಡೆದುಹಾಕಿದ್ದು ಬೆಂಗಳೂರಿನ ಮಿನರ್ವ ಮಿಲ್ಸ್ ಪ್ರಕರಣ.

ಈಗ ನಿಮ್ಮ ಬೀದಿಯ ಹುಡುಗನ ವಿಷಯ.

ಅವನನ್ನು ಹಿಡಿದಿರುವುದು ಮಾಡಿದ ಅಪರಾಧಕ್ಕೆ ಶಿಕ್ಷೆಯಾಗಿ ಅಲ್ಲ, ಮುಂದೆ ಮಾಡಬಹುದು ಎಂಬ ಶಂಕೆಯ ಮೇಲೆ. ಇದು ಮುಂಜಾಗ್ರತಾ ಬಂಧನ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ವಕೀಲರನ್ನು ಭೇಟಿಯಾಗಲು ಬಿಡಬೇಕು ಎಂಬ ನಿಯಮಗಳು ಇದಕ್ಕೆ ಅನ್ವಯಿಸುವುದಿಲ್ಲ ಎಂದು 22ನೇ ವಿಧಿಯೇ ಹೇಳುತ್ತದೆ. ಬದಲಿಗೆ ಅದು ಕೊಡುವುದು ಸಲಹಾ ಮಂಡಳಿ. ಮಂಡಳಿ ಸಾಕಷ್ಟು ಕಾರಣವಿದೆ ಎನ್ನದ ಹೊರತು 3 ತಿಂಗಳಿಗಿಂತ ಹೆಚ್ಚು ಒಳಗಿಡುವಂತಿಲ್ಲ.

44ನೇ ತಿದ್ದುಪಡಿಯ 3ನೇ ಕಲಂ ಇದನ್ನೇ ಬಿಗಿ ಮಾಡಿತ್ತು. 3 ತಿಂಗಳನ್ನು 2 ತಿಂಗಳಿಗೆ ಇಳಿಸಿತು. ಮಂಡಳಿಯನ್ನು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಶಿಫಾರಸಿನಂತೆಯೇ ರಚಿಸಬೇಕು, ಅಧ್ಯಕ್ಷರು ಹಾಲಿ ನ್ಯಾಯಮೂರ್ತಿಗಳೇ ಆಗಿರಬೇಕು, ಸದಸ್ಯರು ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿಗಳಾಗಿರಬೇಕು ಎಂದಿತು. ಈಗ ಸಂವಿಧಾನದಲ್ಲಿರುವ ಹಳೆಯ ಪಠ್ಯದ ಪ್ರಕಾರ ಹೈಕೋರ್ಟ್ ನ್ಯಾಯಮೂರ್ತಿಯಾಗಲು 'ಅರ್ಹರಾದವರು' ಇದ್ದರೂ ಸಾಕು, ಮುಖ್ಯ ನ್ಯಾಯಮೂರ್ತಿಗಳ ಶಿಫಾರಸು ಕಡ್ಡಾಯವಲ್ಲ. ಯಾವ ಸರ್ಕಾರ ಬಂಧಿಸುತ್ತದೋ ಅದೇ ಸರ್ಕಾರ ಮಂಡಳಿಯನ್ನೂ ನೇಮಿಸುತ್ತದೆ.

ತಿದ್ದುಪಡಿಗೆ ರಾಷ್ಟ್ರಪತಿ ಅಂಕಿತ ಬಿದ್ದದ್ದು 1979ರ ಏಪ್ರಿಲ್ 30. ಬೇರೆ ಬೇರೆ ಕಲಂಗಳನ್ನು ಬೇರೆ ಬೇರೆ ದಿನ ಜಾರಿಗೆ ತರುವ ಅಧಿಕಾರವನ್ನು ಅದು ಕೇಂದ್ರ ಸರ್ಕಾರಕ್ಕೆ ಬಿಟ್ಟಿತ್ತು. ಬಹುಪಾಲು ಕಲಂಗಳು ಅದೇ ವರ್ಷ ಜೂನ್ 20ರಂದು ಜಾರಿಗೆ ಬಂದವು. 3ನೇ ಕಲಮಿಗೆ ಮಾತ್ರ ದಿನ ಗೊತ್ತುಮಾಡಲೇ ಇಲ್ಲ. ರಾಷ್ಟ್ರೀಯ ಭದ್ರತಾ ಸುಗ್ರೀವಾಜ್ಞೆಯಡಿ ಬಂಧಿತರಾದ ಸಂಸದ ಎ.ಕೆ. ರಾಯ್ ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. ಜಾರಿಗೆ ತನ್ನಿ ಎಂದು ಸರ್ಕಾರಕ್ಕೆ ನಿರ್ದೇಶನ ಕೊಡಲಾಗದು ಎಂದು 1981ರ ಡಿಸೆಂಬರ್ 28ರಂದು ಬಹುಮತದ ತೀರ್ಪು ಬಂತು. ಅಲ್ಲಿಂದ ಇಲ್ಲಿಯ ತನಕ ಎಷ್ಟೋ ಪಕ್ಷಗಳು ದೆಹಲಿಯಲ್ಲಿ ಅಧಿಕಾರ ಮಾಡಿವೆ, ಯಾರೂ ಆ ಅಧಿಸೂಚನೆ ಹೊರಡಿಸಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡವರು ಮಂತ್ರಿಗಳಾಗಿದ್ದಾಗಲೂ ಹೊರಡಿಸಲಿಲ್ಲ. ಇದಕ್ಕೆ ಹೊಸ ಮಸೂದೆ ಬೇಡ, ವಿಶೇಷ ಬಹುಮತ ಬೇಡ, ಗೆಜೆಟ್‌ನಲ್ಲಿ ನಾಲ್ಕು ಸಾಲು ಸಾಕು. ಜನಪ್ರತಿನಿಧಿಗಳು ಮೂರನೇ ಎರಡು ಬಹುಮತದಿಂದ ಕೊಟ್ಟ ಹಕ್ಕನ್ನು ಕಾರ್ಯಾಂಗ ಇಷ್ಟು ವರ್ಷ ಕೈಯಲ್ಲೇ ಹಿಡಿದಿಟ್ಟುಕೊಂಡಿರುವುದು ಅನ್ಯಾಯ.

ಆ ಕಲಂ ಇಲ್ಲದಿದ್ದರೂ ಹುಡುಗನ ಮನೆಯವರು ಕೈಕಟ್ಟಿ ಕೂರಬೇಕಿಲ್ಲ. ಗೂಂಡಾ ಕಾಯ್ದೆ ಎಂದು ನಾವು ಕರೆಯುವ 1985ರ ಕರ್ನಾಟಕದ ಕಾಯ್ದೆಯಲ್ಲಿ ದಿನಗಳ ಲೆಕ್ಕ ಕಟ್ಟುನಿಟ್ಟಾಗಿದೆ. ಬಂಧನದ ಕಾರಣಗಳನ್ನು 5 ದಿನದೊಳಗೆ ತಿಳಿಸಬೇಕು. ಜಿಲ್ಲಾಧಿಕಾರಿ ಅಥವಾ ಪೊಲೀಸ್ ಆಯುಕ್ತರ ಆದೇಶವಾಗಿದ್ದರೆ 12 ದಿನದೊಳಗೆ ರಾಜ್ಯ ಸರ್ಕಾರ ಅನುಮೋದಿಸಬೇಕು. 3 ವಾರದೊಳಗೆ ಕಡತ ಸಲಹಾ ಮಂಡಳಿಯ ಮುಂದೆ ಹೋಗಬೇಕು, ಬಂಧನದ ದಿನದಿಂದ 7 ವಾರದೊಳಗೆ ಮಂಡಳಿ ವರದಿ ಕೊಡಬೇಕು. ಗರಿಷ್ಠ ಅವಧಿ 12 ತಿಂಗಳು. ಮನೆಯವರು ಮೊದಲು ಮಾಡಬೇಕಾದ್ದು ಬಂಧನದ ದಿನ ಮತ್ತು ಕಾಗದಗಳು ಕೈಗೆ ಬಂದ ದಿನ ಎರಡನ್ನೂ ಬರೆದಿಟ್ಟುಕೊಳ್ಳುವುದು, ಕೊಟ್ಟ ಪುಟಗಳನ್ನು ಒಂದೊಂದಾಗಿ ಎಣಿಸುವುದು. ಅನೇಕ ಆದೇಶಗಳು ಬಿದ್ದುಹೋಗುವುದು ಇಲ್ಲೇ. ಕನ್ನಡ ಮಾತ್ರ ಬಲ್ಲವನಿಗೆ ಇಂಗ್ಲಿಷಿನ ದಾಖಲೆ ಕೊಟ್ಟು ಅನುವಾದ ಕೊಟ್ಟಿರುವುದಿಲ್ಲ, ಎಫ್‌ಐಆರ್ ಪ್ರತಿ ಓದಲಾಗದಷ್ಟು ಮಸುಕಾಗಿರುತ್ತದೆ, ಕಾರಣಗಳಲ್ಲಿ ಹೆಸರಿಸಿದ ಯಾವುದೋ ಪ್ರಕರಣದ ಪುಟಗಳೇ ಇರುವುದಿಲ್ಲ.

ಎರಡನೆಯ ಕೆಲಸ ಮನವಿ ಸಲ್ಲಿಸುವುದು. ಇದಕ್ಕೆ ತಡ ಮಾಡಬಾರದು. ಆದೇಶ ಮಾಡಿದ ಅಧಿಕಾರಿಗೆ, ರಾಜ್ಯ ಸರ್ಕಾರಕ್ಕೆ, ಸಲಹಾ ಮಂಡಳಿಗೆ ಪ್ರತ್ಯೇಕ ಪ್ರತಿಗಳನ್ನು ಜೈಲು ಅಧೀಕ್ಷಕರ ಮೂಲಕ ಕಳಿಸಿ ಸ್ವೀಕೃತಿ ಪಡೆಯಿರಿ. ಅನುಮೋದನೆ ಬರುವ ಮೊದಲು ಆದೇಶ ಮಾಡಿದ ಅಧಿಕಾರಿಯೇ ಅದನ್ನು ಹಿಂಪಡೆಯಬಹುದು. ಸರ್ಕಾರ ಕಾರಣವಿಲ್ಲದೆ ಮನವಿಯನ್ನು ವಾರಗಟ್ಟಲೆ ಮೇಜಿನ ಮೇಲೆ ಇಟ್ಟುಕೊಂಡರೆ ಆ ವಿಳಂಬವೊಂದೇ ಆದೇಶ ರದ್ದಾಗಲು ಸಾಕಾಗಬಹುದು. ಮಂಡಳಿಯ ಮುಂದೆ ವಕೀಲರು ವಾದಿಸುವ ಹಕ್ಕಿಲ್ಲ. ಆದರೆ ಎ.ಕೆ. ರಾಯ್ ತೀರ್ಪು ಎರಡು ಅನುಕೂಲ ಕೊಟ್ಟಿದೆ: ವಕೀಲನಲ್ಲದ ಸ್ನೇಹಿತನೊಬ್ಬನ ನೆರವು ಪಡೆಯಬಹುದು, ಸರ್ಕಾರ ತನ್ನ ಪರ ಕಾನೂನು ಸಲಹೆಗಾರರನ್ನು ಕರೆತಂದರೆ ಬಂಧಿತನಿಗೂ ವಕೀಲರನ್ನು ಬಿಡಬೇಕು. ನಿಮ್ಮ ಊರಿನಲ್ಲಿ ಕಾಗದ ಪತ್ರ ಓದಿ ನಿಧಾನವಾಗಿ ಮಾತಾಡಬಲ್ಲ ನಿವೃತ್ತ ಮೇಷ್ಟರೊಬ್ಬರಿದ್ದರೆ ಅವರನ್ನು ಕರೆದೊಯ್ಯಲು ಲಿಖಿತ ಅನುಮತಿ ಕೇಳಿ.

ಇದರ ಜೊತೆಗೇ ಹೈಕೋರ್ಟಿನಲ್ಲಿ 226ನೇ ವಿಧಿಯಡಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧನ ಕಾನೂನುಬದ್ಧವೇ ಎಂದು ಕೋರ್ಟ್ ಪರಿಶೀಲಿಸಲಿ ಎಂಬ ಅರ್ಜಿ, ಹಾಕಬಹುದು. ತಾಯಿ, ತಂದೆ, ಹೆಂಡತಿ, ಸ್ನೇಹಿತ ಯಾರು ಬೇಕಾದರೂ ಅರ್ಜಿದಾರರಾಗಬಹುದು. ಉತ್ತರ ಕರ್ನಾಟಕದವರು ಬೆಂಗಳೂರಿಗೆ ಬರಬೇಕಿಲ್ಲ, ಜಿಲ್ಲೆ ಯಾವುದೆಂದು ನೋಡಿಕೊಂಡು ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ಹಾಕಬಹುದು. ಅಲ್ಲಿ ಹುಡುಗ ಒಳ್ಳೆಯವನು ಎಂದು ವಾದಿಸಿ ಪ್ರಯೋಜನವಿಲ್ಲ. ಕೋರ್ಟ್ ನೋಡುವುದು ಆದೇಶ ಮಾಡಿದ ರೀತಿಯನ್ನು. ಹಳೆಯ ಪ್ರಕರಣಗಳಿಗೂ ಈಗಿನ ಬಂಧನಕ್ಕೂ ಜೀವಂತ ಸಂಬಂಧವಿದೆಯೇ, ಅವನು ಆಗಲೇ ಬೇರೆ ಪ್ರಕರಣದಲ್ಲಿ ಜೈಲಿನಲ್ಲಿದ್ದರೆ ಬಿಡುಗಡೆಯಾಗುವ ಸಂಭವವಿತ್ತೆಂದು ಅಧಿಕಾರಿ ಯೋಚಿಸಿದ್ದಾರೆಯೇ, ಇಬ್ಬರ ನಡುವಿನ ಜಗಳವನ್ನು ಇಡೀ ಊರಿನ ಸಾರ್ವಜನಿಕ ಶಾಂತಿಯ ಪ್ರಶ್ನೆಯಾಗಿ ಹಿಗ್ಗಿಸಿದ್ದಾರೆಯೇ ಎಂಬಂಥ ಪ್ರಶ್ನೆಗಳ ಮೇಲೆ ಅರ್ಜಿ ನಿಲ್ಲುತ್ತದೆ. ವಕೀಲರ ಶುಲ್ಕಕ್ಕೆ ಹಣವಿಲ್ಲದಿದ್ದರೆ ಜೈಲಿನಿಂದಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಬರೆಯಬಹುದು. ಬಂಧನದಲ್ಲಿರುವವರು ಉಚಿತ ವಕೀಲರನ್ನು ಪಡೆಯಲು ಆದಾಯದ ಪ್ರಮಾಣಪತ್ರ ಕೊಡಬೇಕಿಲ್ಲ.